ನಾಲ್ಕು ಜನ ಸೇರಿ ಒಂದು ಹಳೇ ಸೆಸ್ನಾ ತಗೊಂಡಿದ್ದು

ನಮ್ಮ ವಿಮಾನಕ್ಕೆ ನನಗಿಂತ ಎರಡು ವರ್ಷ ಜಾಸ್ತಿ ವಯಸ್ಸು. ನಾನು 1977, ಅದು 1975. ಸೆಸ್ನಾ 172 ಎಂ ಅಂತ ಮಾಡೆಲ್ಲು, ನಾಲ್ಕು ಸೀಟು, ತಲೆ ಮೇಲೆ ರೆಕ್ಕೆ, ಮುಂದೆ 150 ಹಾರ್ಸ್‌ಪವರಿನ ಒಂದು ಲೈಕಮಿಂಗ್ ಎಂಜಿನ್ನು. ನಮ್ಮ ಅಂದ್ರೆ ನಾಲ್ಕು ಜನರದ್ದು, ಅದರಲ್ಲಿ ಕಾಲು ಭಾಗ ನಂದು. ಊರಿಗೆ ಹೋದಾಗೆಲ್ಲ ಯಾರಾದ್ರೂ ಒಬ್ಬರು ಯಾವ ಕಾಲು ಭಾಗಪ್ಪ ನಿಂದು ಅಂತ ಕೇಳೇ ಕೇಳ್ತಾರೆ, ಬಾಲ ಅಂತ ಹೇಳಿಬಿಡ್ತೀನಿ.

ಆಮೇಲೆ ಬರೋ ಪ್ರಶ್ನೆ ದುಡ್ಡಿಂದು. ಬಾಯಿಬಿಟ್ಟು ಕೇಳಲ್ಲ, ಆದ್ರೆ ಇವನು ಅಮೆರಿಕದಲ್ಲಿ ಏನೋ ದೊಡ್ಡದಾಗಿ ಹೊಡೆದಿದ್ದಾನೆ ಅನ್ನೋ ಒಂದು ನೋಟ ಇರುತ್ತಲ್ಲ, ಅದು. ವಿಮಾನ ಅಂದ ತಕ್ಷಣ ಎಲ್ಲರಿಗೂ ಅಂಬಾನಿ ಜೆಟ್ಟೇ ಕಣ್ಮುಂದೆ ಬರೋದು. ಅದಕ್ಕೇ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೀನಿ, ಲೆಕ್ಕ ಸಮೇತ.

ಅಪ್ಪ ಎಚ್‌ಎಎಲ್‌ನಲ್ಲಿದ್ರು, ಶೀಟ್ ಮೆಟಲ್ ಫಿಟ್ಟರು, ಕಿರಣ್ ಟ್ರೇನರ್ ವಿಮಾನಗಳಿಗೆ ರಿವೆಟ್ ಹೊಡೆದೇ ಅರ್ಧ ಸರ್ವೀಸು ಕಳೆದೋಯ್ತು. ಅವ್ರು ಸೇರೋಕೂ ಮುಂಚೆ ಅದೇ ಕಾರ್ಖಾನೆಯಲ್ಲಿ ಪುಷ್ಪಕ್ ಅಂತ ಎರಡು ಸೀಟಿಂದು ಒಂದು ಪುಟ್ಟ ವಿಮಾನ ಮಾಡ್ತಿದ್ರು, 1958ರಲ್ಲಿ ಮೊದಲನೇ ಸಲ ಹಾರಿದ್ದು, 90 ಹಾರ್ಸ್‌ಪವರ್, ಮೈಗೆಲ್ಲ ಬಟ್ಟೆ ಹೊದಿಸಿದ್ದು. ಬೆಂಗಳೂರಲ್ಲೇ ಹುಟ್ಟಿದ ವಿಮಾನ, ಆದ್ರೆ ಮನೆಗೊಂದು ತಗೊಳ್ಳಲಿ ಅಂತ ಯಾರೂ ಮಾಡಿದ್ದಲ್ಲ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಅಂತ ಮಾಡಿದ್ದು. ನಾನು ಹುಡುಗನಾಗಿದ್ದಾಗ ಜಕ್ಕೂರಿನ ಬೇಲಿ ಪಕ್ಕ ಸೈಕಲ್ ನಿಲ್ಲಿಸಿ ನೋಡಿದ್ದೂ ಸರ್ಕಾರಿ ಫ್ಲೈಯಿಂಗ್ ಸ್ಕೂಲಿನ ವಿಮಾನಗಳನ್ನೇ. ವಿಮಾನಕ್ಕೆ ಒಬ್ಬ ಓನರ್ ಇರಬಹುದು, ಅವನು ಲುಂಗಿ ಉಟ್ಕೊಂಡು ಅದನ್ನ ತೊಳೀಬಹುದು ಅನ್ನೋ ಕಲ್ಪನೆಯೇ ನನಗೆ ಇರ್ಲಿಲ್ಲ. ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದ್ಮೇಲೆ ರೀಡ್ ಹಿಲ್‌ವ್ಯೂ ಏರ್‌ಪೋರ್ಟಲ್ಲಿ ಒಬ್ಬ ಮುದುಕ ಚಡ್ಡಿ ಹಾಕ್ಕೊಂಡು ಬಕೆಟ್ ಹಿಡಿದು ತನ್ನ ವಿಮಾನ ತೊಳೀತಿರೋದು ನೋಡಿದೆ ನೋಡಿ, ಅವತ್ತೇ ಹಾಳಾಗಿದ್ದು ನಾನು.

2017ರಲ್ಲಿ ಕಲಿಯೋಕೆ ಸೇರಿದೆ. ಆಗ ನಂದು ಗ್ರೀನ್ ಕಾರ್ಡು, ಸಿಟಿಜನ್ ಅಲ್ಲದೋರು ಫ್ಲೈಯಿಂಗ್ ಕಲಿಯೋಕೆ ಮುಂಚೆ ಟಿಎಸ್‌ಎ ಅನ್ನೋ ಸರ್ಕಾರಿ ಭದ್ರತಾ ಇಲಾಖೆಯಿಂದ ಕ್ಲಿಯರೆನ್ಸ್ ತಗೋಬೇಕು, ಆಗ 130 ಡಾಲರ್ ಫೀಸು, ಹತ್ತೂ ಬೆರಳಿನ ಗುರುತು. ಲೈಸೆನ್ಸಿಗೆ ಕಾನೂನು ಪ್ರಕಾರ 40 ಗಂಟೆ ಹಾರಿದ್ರೆ ಸಾಕು, ನನಗೆ ಹಿಡಿದದ್ದು 71. ಖರ್ಚು 16 ಸಾವಿರ ಡಾಲರ್ ದಾಟ್ತು. ಆಮೇಲೆ ಬಾಡಿಗೆಗೆ ತಗೊಂಡು ಹಾರಿಸ್ತಿದ್ದೆ, ಶುರುವಲ್ಲಿ ಗಂಟೆಗೆ 140 ಇದ್ದಿದ್ದು 2022ರ ಹೊತ್ತಿಗೆ 190 ಆಯ್ತು. ಅದೂ ಶನಿವಾರ ಬೇಕು ಅಂದ್ರೆ ಮೂರು ವಾರ ಮೊದ್ಲೇ ಬುಕ್ ಮಾಡ್ಬೇಕು, ಅವತ್ತು ಬೆಳಿಗ್ಗೆ ನೋಡಿದ್ರೆ ಮೋಡ.

ಆಗ ಧಾರವಾಡದ ಗೆಳೆಯ ಒಬ್ಬ, ಅವನೂ ಅಲ್ಲೇ ಕಲಿತವನು, ನಾವೇ ಒಂದು ತಗೊಂಡ್ರೆ ಹೆಂಗೆ ಅಂತ ಎತ್ತಿದ. ಎತ್ತಿದವನೇ ಹೆದರಿಸಿದ್ದೂ ಅವನೇ. "ಲೇ, ಇದು ಎಮ್ಮಿ ತಗೊಂಡ್ಹಂಗ ನೋಡಪಾ, ತಗೊಳ್ಳೂ ರೊಕ್ಕ ದೊಡ್ಡದಲ್ಲ, ದಿನಾ ಎಷ್ಟು ಮೇವು ತಿಂತೈತಿ ಅನ್ನೂದ ದೊಡ್ಡದು." ಈ ಎರಡು ವರ್ಷದಲ್ಲಿ ವಿಮಾನದ ಬಗ್ಗೆ ನಾನು ಕೇಳಿದ ಅತಿ ಸರಿಯಾದ ಮಾತು ಇದು.

ಮೊದಲು ನಾನು, ಅವನು, ತುಮಕೂರಿನ ಒಬ್ಬ ಹುಡುಗ, ಮೂರು ಜನ ಅಂತಿತ್ತು. ತುಮಕೂರಿನವನಿಗೆ ಎಚ್-1ಬಿ ವೀಸಾ. ಅಮೆರಿಕದಲ್ಲಿ ಕಾರು ಯಾರು ಬೇಕಾದ್ರೂ ರಿಜಿಸ್ಟರ್ ಮಾಡ್ಸ್ಬಹುದು, ಮನೆ ಹೆಚ್ಚೂಕಮ್ಮಿ ಯಾರು ಬೇಕಾದ್ರೂ ತಗೋಬಹುದು, ಆದ್ರೆ ವಿಮಾನ ನಿಮ್ಮ ಹೆಸರಿಗೆ ರಿಜಿಸ್ಟರ್ ಆಗ್ಬೇಕು ಅಂದ್ರೆ ಸಿಟಿಜನ್ನೋ ಗ್ರೀನ್ ಕಾರ್ಡೋ ಇರ್ಲೇಬೇಕು. ಅವನು ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತು ಆಗ್ಲೇ ಹತ್ತು ವರ್ಷ. ಪಾಪ, ಅವನ ಮುಖ ನೋಡೋಕಾಗ್ಲಿಲ್ಲ. ಅವನ ಜಾಗಕ್ಕೆ ರಿಟೈರ್ಡ್ ಸ್ಕೂಲ್ ಟೀಚರ್ ಒಬ್ಬರು ಬಂದ್ರು, ಅಮೆರಿಕದವ್ರೇ, 30 ವರ್ಷದಿಂದ ಹಾರಿಸ್ತಿರೋರು, ಅವ್ರ ಕಡೆಯಿಂದ ಒಬ್ಬ ರಿಟೈರ್ಡ್ ಫೈರ್‌ಮ್ಯಾನ್. ನಾಲ್ಕಾಯ್ತು. ಟೀಚರಮ್ಮ ಬಂದಿದ್ದಕ್ಕೆ ಇನ್ಶೂರೆನ್ಸಿನೋರೂ ಸ್ವಲ್ಪ ಮೆತ್ತಗಾದ್ರು.

ಹುಡುಕೋಕೆ ಶುರು ಮಾಡಿದಾಗ ನನಗೆ ತಲೆ ಕೆಟ್ಟಿದ್ದು ರೇಟ್ ನೋಡಿ. 2018ರಲ್ಲಿ ಸುಮ್ನೆ ಆಸೆಗೆ ಒಂದು ಜಾಹೀರಾತು ಸೇವ್ ಮಾಡಿ ಇಟ್ಕೊಂಡಿದ್ದೆ, 1974ರ 172, ಕೇಳಿದ್ದು 48 ಸಾವಿರ. 2022ರಲ್ಲಿ ಅದೇ ಥರದ್ದು, ಅದೇ ವಯಸ್ಸಿಂದು, 90, 95 ಸಾವಿರ. ಕೋವಿಡ್ ಟೈಮಲ್ಲಿ ಎಲ್ಲರೂ ಮನೇಲಿ ಕೂತು ವಿಮಾನದ ಕನಸು ಕಂಡ್ರು ಅನ್ಸುತ್ತೆ. 47 ವರ್ಷ ಹಳೇ ಗಾಡಿಗೆ ಯಾಕಪ್ಪ ಇಷ್ಟು, ಇದರ ಬದಲು ಹೊಸಾದು ತಗೊಂಡ್ರೆ ಹೆಂಗೆ ಅಂತ ನೋಡಿದ್ರೆ ಹೊಸ 172 ನಾಲ್ಕು ಲಕ್ಷ ಡಾಲರಿಗೂ ಮೇಲೆ. ಅದೇ ಡಿಸೈನು ಸ್ವಾಮಿ, ಅದೇ ಆಕಾರ, ಕಾಕ್‌ಪಿಟ್ಟಲ್ಲಿ ಟಿವಿ ಥರದ ಸ್ಕ್ರೀನು ಬಂದಿದೆ, ಎಂಜಿನ್ನಿಗೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ, ಅಷ್ಟೇ.

172 ಮೊದಲು ಮಾರ್ಕೆಟ್ಟಿಗೆ ಬಂದಾಗ, 1956ರ ಮಾಡೆಲ್ಲು, ಬೆಲೆ 8,995 ಡಾಲರ್. ಆಗ ಇಲ್ಲಿನ ಒಂದು ಮಧ್ಯಮ ಕುಟುಂಬದ ವರ್ಷದ ಆದಾಯ 4,800ರ ಹತ್ತಿರ, ಅಂದ್ರೆ ಎರಡು ವರ್ಷದ ದುಡಿಮೆಗಿಂತ ಕಮ್ಮಿಗೆ ಹೊಸ ವಿಮಾನ. ಅಗ್ಗ ಅಂತಲ್ಲ, ಆದ್ರೆ ಡಾಕ್ಟ್ರು, ಜಮೀನ್ದಾರ, ಅಂಗಡಿ ಇಟ್ಟೋನು ಮನಸ್ಸು ಮಾಡಿದ್ರೆ ಆಗ್ತಿತ್ತು. ಈಗ ಅದೇ ಲೆಕ್ಕದಲ್ಲಿ ನಾಲ್ಕು ವರ್ಷಕ್ಕೂ ಜಾಸ್ತಿ ದುಡಿಮೆ ಬೇಕು. ಆ 8,995ನ್ನ ಹಣದುಬ್ಬರದ ಲೆಕ್ಕ ಹಾಕಿ ಇವತ್ತಿಗೆ ತಂದ್ರೆ ಹತ್ತಿರ ಹತ್ತಿರ ಒಂದು ಲಕ್ಷ. ಅಂದ್ರೆ ನಮ್ಮಜ್ಜನ ಕಾಲದವರು ಹೊಚ್ಚ ಹೊಸಾದಕ್ಕೆ ಕೊಡ್ತಿದ್ದ ದುಡ್ಡಲ್ಲಿ ನಮಗೆ 47 ವರ್ಷ ಹಳೇದು ಸಿಗ್ತಿದೆ!

ಯಾಕೆ ಹಿಂಗಾಯ್ತು ಅಂದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ನನಗೆ ಒಪ್ಪಿಗೆಯಾಗೋದು ಇದು: 1978ರಲ್ಲಿ ಅಮೆರಿಕದ ಕಂಪನಿಗಳು ಹೆಚ್ಚೂಕಮ್ಮಿ 17,800 ಸಣ್ಣ ವಿಮಾನ ಮಾಡಿ ಕಳಿಸಿದ್ವು, ಒಂದೇ ವರ್ಷದಲ್ಲಿ. 1994ಕ್ಕೆ ಅದು ಸಾವಿರದ ಒಳಗೆ ಬಂತು. ಮಧ್ಯದಲ್ಲಿ ಬಡ್ಡಿ ರೇಟು ಏರಿತು, ಪೆಟ್ರೋಲ್ ಏರಿತು, ಆಮೇಲೆ ಕೋರ್ಟ್ ಕೇಸು. 30 ವರ್ಷ ಹಳೇ ವಿಮಾನ ಬಿದ್ರೂ ಮಾಡಿದ ಕಂಪನಿ ಮೇಲೇ ಕೇಸು, ಆ ಖರ್ಚೆಲ್ಲ ಹೊಸ ವಿಮಾನದ ಬೆಲೆ ಮೇಲೆ ಹತ್ತುತ್ತೆ. 1986ರಲ್ಲಿ ಸೆಸ್ನಾದವ್ರು ಸಾಕಪ್ಪಾ ಸಾಕು ಅಂತ ಈ ಸಣ್ಣ ವಿಮಾನ ಮಾಡೋದನ್ನೇ ನಿಲ್ಸಿಬಿಟ್ರು. 1994ರಲ್ಲಿ ಕ್ಲಿಂಟನ್ ಸಹಿ ಹಾಕಿ ಒಂದು ಕಾನೂನು ಬಂತು, 18 ವರ್ಷ ದಾಟಿದ ವಿಮಾನಕ್ಕೆ ಕಂಪನಿ ಜವಾಬ್ದಾರಿ ಬಹುತೇಕ ಇಲ್ಲ ಅಂತ, ಆಮೇಲೆ 1996ರಲ್ಲಿ ಕ್ಯಾನ್ಸಸ್‌ನಲ್ಲಿ ಹೊಸ ಕಾರ್ಖಾನೆ ಹಾಕಿ ಮತ್ತೆ ಶುರು ಮಾಡಿದ್ರು. ಆದ್ರೆ ಅಷ್ಟರಲ್ಲಿ ಕೊಳ್ಳೋರು ಚದುರಿ ಹೋಗಿದ್ರು. ಈಗ ವರ್ಷಕ್ಕೆ ನೂರರ ಲೆಕ್ಕದಲ್ಲಿ ಮಾಡ್ತಾರೆ, ಬಹುಪಾಲು ಫ್ಲೈಯಿಂಗ್ ಸ್ಕೂಲಿಗೆ. ಕಮ್ಮಿ ಮಾಡಿದ್ರೆ ಬೆಲೆ ಜಾಸ್ತಿ, ಬೆಲೆ ಜಾಸ್ತಿ ಅಂತ ಕೊಳ್ಳೋರು ಕಮ್ಮಿ. ಗಾಣದೆತ್ತು ಸುತ್ತಿದಂಗೆ. ಇನ್ನೊಂದು ತಮಾಷೆ ಏನಂದ್ರೆ ಹಳೇವು ಸಾಯೋದೇ ಇಲ್ಲ. 172 ಇಲ್ಲಿವರೆಗೆ 44 ಸಾವಿರಕ್ಕೂ ಜಾಸ್ತಿ ಮಾಡಿದ್ದಾರೆ, ನೋಡ್ಕೊಂಡ್ರೆ ಐವತ್ತು ವರ್ಷ ಆರಾಮಾಗಿ ಬಾಳುತ್ತೆ, ಹಂಗಾಗಿ ಹೊಸಾದಕ್ಕೆ ಅದರಣ್ಣನೇ ಶತ್ರು.

ಸರಿ, ಮೊದಲು ಸಿಕ್ಕಿದ್ದು ಸ್ಯಾಕ್ರಮೆಂಟೋ ಕಡೆ ಒಂದು, 74 ಸಾವಿರ, ಬಿಳಿ ಬಣ್ಣದ ಮೇಲೆ ನೀಲಿ ಪಟ್ಟಿ, ಫೋಟೋದಲ್ಲಿ ಮದುಮಗಳ ಥರ ಇತ್ತು. ಅವತ್ತೇ ಅಡ್ವಾನ್ಸ್ ಕೊಟ್ಟುಬಿಡೋಣ ಅಂತ ನಾನು. ಅಲ್ಲಿವರೆಗೂ ಅಪ್ಪಂಗೆ ಹೇಳಿರ್ಲಿಲ್ಲ, ಅವತ್ತು ರಾತ್ರಿ ತಡ್ಕೊಳ್ಳೋಕಾಗ್ದೆ ಫೋನ್ ಮಾಡಿ ಹೇಳಿದೆ. ಬೈತಾರೆ ಅನ್ಕೊಂಡಿದ್ದೆ. ಎಷ್ಟು ದುಡ್ಡು ಅಂತ ಕೂಡ ಕೇಳ್ಲಿಲ್ಲ ಪುಣ್ಯಾತ್ಮ. "ಎಂಜಿನ್ ಎಷ್ಟು ಗಂಟೆ ಓಡಿದೆ? ಲಾಗ್ ಬುಕ್ ಮೊದಲನೇ ದಿನದಿಂದ ಇದೆಯೇನೋ?" ಅಂದ್ರು. ನೋಡಿದ್ರೆ, ಹಾರಿಸಿದ್ದು ರಿಪೇರಿ ಮಾಡಿದ್ದು ಎಲ್ಲ ಬರೆದಿಡೋ ಆ ಲಾಗ್ ಬುಕ್ಕು ಮೊದಲ 11 ವರ್ಷದ್ದು ಇಲ್ಲವೇ ಇಲ್ಲ. ಮಾರೋನು ಎಲ್ಲೋ ಕಳೆದೋಗಿದೆ ಅಂದ. "ಕಳೆದೋಗಿದೆ ಅಂದ್ರೆ ವಿಮಾನ ಒಂದ್ಸಲ ಬಿದ್ದಿದೆ ಅಂತ ಇಟ್ಕೋ, ಆಮೇಲೆ ಬೇರೆ ಮಾತು" ಅಂದ್ರು ಅಪ್ಪ.

ಆದ್ರೂ 600 ಡಾಲರ್ ಕೊಟ್ಟು ಮೆಕ್ಯಾನಿಕ್ ಕರ್ಕೊಂಡು ಹೋದ್ವಿ. ಇದಕ್ಕೆ ಪ್ರೀ-ಬೈ ಅಂತಾರೆ, ಹೆಣ್ಣು ನೋಡೋಕೆ ಹೋದಂಗೆ, ಆದ್ರೆ ಉಪ್ಪಿಟ್ಟು ಕೇಸರಿಬಾತು ಇರಲ್ಲ. ಎಂಜಿನ್ ಬಿಸಿ ಇರೋವಾಗ್ಲೇ ಒಂದೊಂದೇ ಸಿಲಿಂಡರಿಗೆ 80 ಪಿಎಸ್‌ಐ ಗಾಳಿ ಬಿಟ್ಟು ಅದರಲ್ಲಿ ಎಷ್ಟು ಒಳಗೆ ನಿಲ್ಲುತ್ತೆ ಅಂತ ನೋಡ್ತಾರೆ. ಒಂದು 76, ಎರಡನೇದು 74, ಮೂರನೇದು 78, ನಾಲ್ಕನೇದು 52. ಮೆಕ್ಯಾನಿಕ್ ಏನೂ ಮಾತಾಡದೇ ನನ್ನ ಕೈ ಹಿಡಿದು ಕೆಳಗೆ ಕೂರ್ಸಿ ಸೈಲೆನ್ಸರ್ ಪೈಪಿನ ಬಾಯಿ ಹತ್ರ ಕಿವಿ ಇಡಿಸಿದ. ಸ್ಸ್ ಅಂತ ಗಾಳಿ ಬರ್ತಿದೆ, ಕುಕ್ಕರ್ ವಿಷಲ್ ಆಗೋಕೆ ಮುಂಚೆ ಬರುತ್ತಲ್ಲ ಹಂಗೆ. ಎಕ್ಸಾಸ್ಟ್ ವಾಲ್ವು ಹೋಗಿದೆ. ವಾಪಸ್ ಬರೋವಾಗ ಕಾರಲ್ಲಿ ಯಾರೂ ಮಾತಾಡ್ಲಿಲ್ಲ, ಧಾರವಾಡದವನು ಮಾತ್ರ ಒಂದ್ಸಲ "ಎಮ್ಮಿ ಕಾಲು ಕುಂಟ ಐತಿ" ಅಂದ.

ಎರಡನೇದು ಮರ್ಸೆಡ್ ಕಡೆ, ಬಾದಾಮಿ ತೋಟದ ಒಬ್ಬ ಯಜಮಾನರದ್ದು, ಎಂಬತ್ತು ದಾಟಿತ್ತು. 1983ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ರಂತೆ, ಆವಾಗ ಒಂದು ಒಳ್ಳೇ ಪಿಕಪ್ ಟ್ರಕ್ಕಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಅಂದ್ರು. ಡಾಕ್ಟ್ರು ಇನ್ನು ಹಾರಿಸ್ಬೇಡಿ ಅಂದ್ಮೇಲೆ ಮಾರೋಕೆ ಇಟ್ಟಿದ್ದು. ಲಾಗ್ ಬುಕ್ಕೆಲ್ಲ ಒಂದು ಬಿಸ್ಕತ್ ಡಬ್ಬೀಲಿ, 1975ರ ಮೊದಲ ಪುಟದಿಂದ, ಒಂದಾದ್ಮೇಲೊಂದು, ರಬ್ಬರ್ ಬ್ಯಾಂಡ್ ಹಾಕಿ. ಎಂಜಿನ್ ಓವರ್‌ಹಾಲ್ ಆಗಿ, ಅಂದ್ರೆ ಪೂರ್ತಿ ಬಿಚ್ಚಿ ಹೊಸದರಂಗೆ ಕಟ್ಟಿದ್ಮೇಲೆ, 900 ಗಂಟೆ, 2,000 ಗಂಟೆವರೆಗೆ ಓಡಿಸ್ಬಹುದು ಅಂತ ಕಂಪನಿ ಲೆಕ್ಕ, ಹಂಗಾಗಿ ಅರ್ಧ ಆಯಸ್ಸು ಇದೆ. ಬಣ್ಣ ಮಾತ್ರ ಬಿಸಿಲಿಗೆ ಹೋಗಿ ಹಳೇ ಅಂಬಾಸಡರ್ ಥರ. ಕೇಳಿದ್ದು 92, ನಾವು 85 ಅಂದ್ವಿ, 88 ಸಾವಿರಕ್ಕೆ ಕುದುರಿತು. ಯಜಮಾನರು ಕೈ ಕುಲುಕಿ ಆಮೇಲೆ ಹೋಗಿ ಪ್ರೊಪೆಲ್ಲರ್ ಮೇಲೆ ಕೈ ಇಟ್ಕೊಂಡು ನಿಂತ್ರು, ನಾವು ಸ್ವಲ್ಪ ಆಚೆ ಹೋದ್ವಿ.

ಇಲ್ಲಿ ವಿಮಾನದ ಕಾಗದಪತ್ರ ಎಲ್ಲ ಇರೋದು ಒಕ್ಲಹೋಮ ಸಿಟಿಯಲ್ಲಿ, ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸ್ ಇದ್ದಂಗೆ, ಇಡೀ ದೇಶಕ್ಕೆ ಒಂದೇ. ಇಸಿ ತೆಗೆಸಿದಂಗೆ ಟೈಟಲ್ ಸರ್ಚ್ ಮಾಡಿಸಿದ್ರೆ 1983ರಲ್ಲಿ ಯಜಮಾನರು ಬ್ಯಾಂಕಲ್ಲಿ ತಗೊಂಡ ಸಾಲ ಇನ್ನೂ ಹಂಗೇ ನಿಂತಿದೆ. ಸಾಲ ತೀರ್ಸಿ ಮೂವತ್ತು ವರ್ಷ ಆಗಿದೆ, ಆದ್ರೆ ತೀರಿದೆ ಅಂತ ಕಾಗದ ಯಾರೂ ಕಳಿಸಿಲ್ಲ, ಆ ಬ್ಯಾಂಕನ್ನ ಇನ್ನೊಂದು ಬ್ಯಾಂಕ್ ನುಂಗಿ ಅದನ್ನ ಮತ್ತೊಂದು ನುಂಗಿ ಈಗ ಫೋನ್ ಮಾಡಿದ್ರೆ ವಿಮಾನ ಅನ್ನೋ ಪದ ಕೇಳಿದ ತಕ್ಷಣ ಟ್ರಾವೆಲ್ ಕಾರ್ಡ್ ಡಿಪಾರ್ಟ್‌ಮೆಂಟಿಗೆ ಕನೆಕ್ಟ್ ಮಾಡ್ತಾರೆ. ಐದು ವಾರ ಹೋಯ್ತು. ಕೊನೆಗೆ ಟೀಚರಮ್ಮ ಒಂದಿನ ಬೆಳಿಗ್ಗೆಯಿಂದ ಸಂಜೆವರೆಗೂ ಫೋನ್ ಹಿಡಿದು ಕೂತು, ಮಕ್ಕಳಿಗೆ ಪಾಠ ಹೇಳಿದ ಗಂಟಲಲ್ಲಿ, ಆ ಕಾಗದ ಹೊರಡಿಸಿದ್ರು. ಇಷ್ಟೆಲ್ಲ ಆದ್ಮೇಲೆ ನಾಲ್ಕು ಜನರ ಹೆಸರಿಗೆ ರಿಜಿಸ್ಟ್ರೇಷನ್ ಫೀಸು ಎಷ್ಟು ಗೊತ್ತಾ, 5 ಡಾಲರ್. ಅರ್ಜಿಯ ಇನ್ನೊಂದು ಕಾಪಿ ವಿಮಾನದೊಳಗೆ ಇಟ್ಕೊಂಡು ಪಚೇಕೋ ಪಾಸ್ ಅನ್ನೋ ಬೆಟ್ಟದ ದಾರಿ ಮೇಲಿಂದ ಮನೆಗೆ ತಂದ್ವಿ, ಐವತ್ತು ನಿಮಿಷ, ಕೆಳಗೆ ಸ್ಯಾನ್ ಲೂಯಿಸ್ ಕೆರೆ ಫಳಫಳ ಅಂತಿತ್ತು. ಹೆಂಡತಿ ಏರ್‌ಪೋರ್ಟಿಗೆ ನಿಂಬೆಹಣ್ಣು ತಂದಿದ್ಲು, ಮೂರು ಚಕ್ರಕ್ಕೂ ಇಟ್ಟಾಯ್ತು, ಫೈರ್‌ಮ್ಯಾನ್ ಯಾಕೆ ಏನು ಅಂತ ಕೇಳದೇ ತಾನೇ ಸರಿಯಾಗಿ ಟೈರ್ ಮುಂದೆ ತಳ್ಳಿ ಕೊಟ್ಟ.

ನಾಲ್ಕು ತಿಂಗಳಾದ್ಮೇಲೆ ರಾಜ್ಯದ ತೆರಿಗೆ ಇಲಾಖೆಯಿಂದ ಕಾಗದ. ಒಬ್ಬರ ಕೈಯಿಂದ ಒಬ್ಬರು ತಗೊಂಡ್ರೂ ಕ್ಯಾಲಿಫೋರ್ನಿಯಾದಲ್ಲಿ ಯೂಸ್ ಟ್ಯಾಕ್ಸ್ ಅಂತ ಸೇಲ್ಸ್ ಟ್ಯಾಕ್ಸಿನ ಥರದ್ದು ಕಟ್ಬೇಕು, 9 ಪರ್ಸೆಂಟಿಗೂ ಮೇಲೆ, ಎಂಟು ಸಾವಿರ ಚಿಲ್ರೆ. ನಮ್ಮ ಎಕ್ಸೆಲ್ ಶೀಟಲ್ಲಿ ಹೆಡ್‌ಸೆಟ್ಟಿನ ಬ್ಯಾಟರಿಗೂ ಒಂದು ಸಾಲಿತ್ತು, ಇದಕ್ಕಿರ್ಲಿಲ್ಲ. ತಪ್ಪು ನಮ್ದೇ. ಅದಲ್ಲದೇ ಕೌಂಟಿಗೆ, ಅಂದ್ರೆ ಇಲ್ಲಿನ ಜಿಲ್ಲಾಡಳಿತಕ್ಕೆ, ಪ್ರತಿ ವರ್ಷ ವಿಮಾನದ ಬೆಲೆಯ ಒಂದು ಪರ್ಸೆಂಟಿನಷ್ಟು ಆಸ್ತಿ ತೆರಿಗೆ, ಮನೆ ಕಂದಾಯದ ಥರ.

ತಿಂಗಳ ಲೆಕ್ಕ ಹೇಳ್ತೀನಿ. ಹ್ಯಾಂಗರ್, ಅಂದ್ರೆ ವಿಮಾನ ನಿಲ್ಲಿಸೋ ಶೆಡ್ಡು, ಸಿಗಲ್ಲ, ವೇಟಿಂಗ್ ಲಿಸ್ಟ್ ವರ್ಷಗಟ್ಲೆ, ಬಯಲಲ್ಲೇ ಹಗ್ಗ ಹಾಕಿ ಕಟ್ಟೋ ಜಾಗಕ್ಕೆ ತಿಂಗಳಿಗೆ 200. ಇನ್ಶೂರೆನ್ಸ್ ವರ್ಷಕ್ಕೆ 3,000. ಆನ್ಯುಯಲ್ ಅಂತ ವರ್ಷಕ್ಕೊಂದ್ಸಲ ಪೂರ್ತಿ ಬಿಚ್ಚಿ ನೋಡೋದು ಕಡ್ಡಾಯ, ಅದಕ್ಕೆ 3,000 ಅಂತ ಇಟ್ಕೊಂಡಿದ್ವಿ. ಇವು, ಆಸ್ತಿ ತೆರಿಗೆ, ಮಿಕ್ಕ ಚಿಲ್ಲರೆ ಖರ್ಚು ಎಲ್ಲ ಸೇರಿ ತಲಾ ತಿಂಗಳಿಗೆ 250 ಹಾಕ್ತೀವಿ, ಹಾರಿಸಿದ್ರೂ ಇಲ್ದಿದ್ರೂ. ಹಾರಿಸಿದ್ರೆ ಗಂಟೆಗೆ 85, ಅದರಲ್ಲಿ ಎಂಟೂವರೆ ಗ್ಯಾಲನ್ ಪೆಟ್ರೋಲಿಗೆ 55, ಮಿಕ್ಕಿದ್ದು ಮುಂದಿನ ಎಂಜಿನ್ ಓವರ್‌ಹಾಲಿಗೆ ಹುಂಡಿ. ತಿಂಗಳಿಗೆ ಐದು ಗಂಟೆ ಹಾರಿಸಿದ್ರೆ ಗಂಟೆಗೆ 135 ಬೀಳುತ್ತೆ, ಬಾಡಿಗೆ 190. ವರ್ಷಕ್ಕೆ 3,300 ಉಳಿತಾಯ. ಎರಡೇ ಗಂಟೆ ಹಾರಿಸಿದ್ರೆ 210, ಅಂದ್ರೆ ಬಾಡಿಗೆದೇ ವಾಸಿ. ಇದನ್ನ ಹೆಂಡತಿಗೆ ತೋರ್ಸಿದ್ರೆ, "ರೀ, ಹಾಗಾದ್ರೆ ಇನ್ನೂ ಜಾಸ್ತಿ ಹಾರಿಸಿದ್ರೆ ಇನ್ನೂ ಉಳಿಯುತ್ತೆ ಅಂತೀರಾ?" ಅಂದ್ಲು. ಬಿಗ್ ಬಿಲಿಯನ್ ಸೇಲಲ್ಲಿ ಅವಳಿಗೆ ನಾನು ಹೇಳೋ ಡೈಲಾಗದು.

ಪೆಟ್ರೋಲ್ ವಿಷಯದಲ್ಲಿ ಮಾತ್ರ ಹಳೇದಾಗಿದ್ದೇ ಅದೃಷ್ಟ ಆಯ್ತು. ಸಣ್ಣ ವಿಮಾನದ ಪೆಟ್ರೋಲಲ್ಲಿ ಇವತ್ತಿಗೂ ಸೀಸ ಇರುತ್ತೆ, ಕಾರಿಂದ ಯಾವತ್ತೋ ಹೋಯ್ತು. ನಮ್ಮ ಏರ್‌ಪೋರ್ಟಿನ ಸುತ್ತ ಪೂರ್ತಿ ಮನೆಗಳು, ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಇದೆ ಅಂತ 2021ರಲ್ಲಿ ಕೌಂಟಿ ಮಾಡಿಸಿದ ಅಧ್ಯಯನದಲ್ಲಿ ಬಂತು, 2022 ಜನವರಿ 1ರಿಂದ ಅಲ್ಲಿ ಸೀಸದ ಪೆಟ್ರೋಲ್ ಮಾರೋದೇ ನಿಂತೋಯ್ತು. ಬೈದುಕೊಂಡ ಪೈಲಟ್‌ಗಳು ಬೇಕಾದಷ್ಟಿದ್ದಾರೆ, ನನಗೇನೋ ಮಾಡಿದ್ದು ಸರಿ ಅನ್ಸುತ್ತೆ, ನಮ್ಮ ಹವ್ಯಾಸಕ್ಕೆ ಯಾರದ್ದೋ ಮಗು ಯಾಕೆ. ಬದಲಿಗೆ 94 ಆಕ್ಟೇನಿನ ಸೀಸ ಇಲ್ಲದ್ದು ಸಿಗೋಕೆ ಶುರುವಾಯ್ತು, ಹೊಸ ಪವರ್‌ಫುಲ್ ಎಂಜಿನ್‌ಗಳಿಗೆ ಸುಮಾರಕ್ಕೆ ಅದು ಆಗಿಬರಲ್ಲ, ನಮ್ಮದು 80 ಆಕ್ಟೇನಿಗೆ ಅಂತ್ಲೇ ಹುಟ್ಟಿದ ಎಂಜಿನ್ನು, ಗಂಜಿ ಕೊಟ್ಟರೂ ಕುಡಿಯುತ್ತೆ. ಆದ್ರೆ ಕೌಂಟಿಯೋರು ಏರ್‌ಪೋರ್ಟೇ ಮುಚ್ಚಬೇಕು ಅಂತ ಹೊರಟಿದ್ದಾರೆ, ಆಗ ಕಟ್ಟೋದೆಲ್ಲಿ ಅನ್ನೋದು ಬೇರೆ ಚಿಂತೆ.

ಮೊದಲನೇ ಆನ್ಯುಯಲ್ಲಿಗೆ ದುಡ್ಡು ಉಳಿಸೋಣ ಅಂತ ಬಿಚ್ಚೋ ಕೆಲಸ ನಾವೇ ಮಾಡ್ತೀವಿ ಅಂದ್ವಿ, ಮೆಕ್ಯಾನಿಕ್ ಒಪ್ಕೊಂಡ. ಮುಚ್ಚಳ ಎಷ್ಟು, ಸ್ಕ್ರೂ ಎಷ್ಟು ಅಂತೀರ, ಎಲ್ಲಾ ಒಂದೇ ಥರ ಕಾಣುತ್ತೆ, ಒಂದೂ ಒಂದೇ ಅಳತೆ ಅಲ್ಲ. ಮನೆಯಿಂದ ಇಡ್ಲಿ ಸ್ಟ್ಯಾಂಡ್ ತಗೊಂಡು ಹೋಗಿದ್ದೆ, ಒಂದೊಂದು ಗುಳಿಗೆ ಒಂದೊಂದು ಮುಚ್ಚಳದ ಸ್ಕ್ರೂ, ನಾಲ್ಕು ತಟ್ಟೆ, ನೆಲ ಮಹಡಿ ಬಲ ರೆಕ್ಕೆ, ಅದರ ಮೇಲೆ ಎಡ ರೆಕ್ಕೆ, ಹಿಂಗೆ. ಆ ಸ್ಟ್ಯಾಂಡಲ್ಲಿ ಮತ್ತೆ ಇಡ್ಲಿ ಆಗ್ಲಿಲ್ಲ, ಅದು ಬೇರೆ ವಿಷಯ. ಮೆಕ್ಯಾನಿಕ್ ಸೀಟ್ ತೆಗೆದು, ಸೀಟ್ ಜಾರೋ ಕಂಬಿ ಇರುತ್ತಲ್ಲ, ಅದರ ತೂತುಗಳನ್ನ ಒಂದೊಂದಾಗಿ ಟಾರ್ಚ್ ಬಿಟ್ಟು ಅಳೆದ. ದುಂಡಗಿರ್ಬೇಕಾದ ತೂತು ಸವೆದು ಮೊಟ್ಟೆ ಆಕಾರ ಆಗಿತ್ತು. ಪಿನ್ ಅಲ್ಲಿ ಸರಿಯಾಗಿ ಕೂರದೇ ಇದ್ರೆ ಟೇಕಾಫ್ ಆಗೋ ಹೊತ್ತಲ್ಲಿ ಸೀಟು ಹಿಂದಕ್ಕೆ ಜಾರುತ್ತೆ, ಗಾಬರೀಲಿ ಪೈಲಟ್ಟು ಹಿಡ್ಕೊಂಡಿರೋದನ್ನೇ ಎಳ್ಕೋತಾನೆ, ವಿಮಾನ ಮೂತಿ ಎತ್ತುತ್ತೆ, ಜನ ಸತ್ತಿದ್ದಾರೆ ಹಂಗೆ. ಅದಕ್ಕೇ ಸರ್ಕಾರದ ಕಡ್ಡಾಯ ಆದೇಶ ಇದೆ ಆ ತೂತಿಗೆ. ಕಂಬಿ ಹೊಸಾದು. ಆಮೇಲೆ ಮಫ್ಲರ್ ಸೀಳಿತ್ತು, ಅದರ ಸುತ್ತಲಿನ ಬಿಸಿ ಗಾಳಿಯೇ ಚಳಿಗಾಲದಲ್ಲಿ ಹೀಟರಾಗಿ ನಮ್ಮ ಕಾಲಿಗೆ ಬರೋದು, ಸೀಳಿದ್ರೆ ಹೊಗೆಯೂ ಬರುತ್ತೆ. ಆಮೇಲೆ ಒಂದು ಸಿಲಿಂಡರ್, ಅದು ಬರೋಕೆ ಎರಡು ತಿಂಗಳು. 3,000 ಅಂತ ಇಟ್ಕೊಂಡಿದ್ದು 9,400 ಆಯ್ತು. ಆ ವರ್ಷದ ಉಳಿತಾಯ ಅಂತ ನಾನು ಬಡ್ಕೊಂಡಿದ್ದರಲ್ಲಿ ಅರ್ಧ ಅಲ್ಲೇ ಹೋಯ್ತು, ಮಿಕ್ಕಿದ್ದರಲ್ಲೂ ಒಂದಷ್ಟು ಆ ಎರಡು ತಿಂಗಳು ಹಾರಿಸದೇ ಕಟ್ಟಿದ್ದಕ್ಕೆ ಹೋಯ್ತು. ಫೈರ್‌ಮ್ಯಾನ್ ಒಬ್ಬನೇ ನಗ್ತಿದ್ದ, ಮೊದಲನೇ ಆನ್ಯುಯಲ್ ಯಾವಾಗ್ಲೂ ಹಿಂಗೇ, ಹಳೇ ಓನರ್ ಮುಂದೂಡಿದ್ದೆಲ್ಲ ಹೊಸ ಓನರಿಗೆ ಬರೋದು ಅಂತ.

2024ರ ಬೇಸಿಗೇಲಿ ಅಪ್ಪ ಅಮ್ಮ ಬಂದಿದ್ರು. ಮೊದಲ ಭಾನುವಾರವೇ ಕರ್ಕೊಂಡು ಹೋದೆ. ಅಮ್ಮ ದೂರದಿಂದ್ಲೇ ಕೈ ಮುಗಿದು ಕಾರಲ್ಲೇ ಕೂತ್ಲು. ಅಪ್ಪ ಒಳಗೆ ಹತ್ತಲೇ ಇಲ್ಲ, ಕನ್ನಡಕ ಹಣೆ ಮೇಲೆ ಏರ್ಸಿ, ಬೆನ್ನ ಹಿಂದೆ ಕೈ ಕಟ್ಕೊಂಡು, ಇನ್‌ಸ್ಪೆಕ್ಷನ್ನಿಗೆ ಬಂದೋರ ಥರ ಮೂತಿಯಿಂದ ಬಾಲಕ್ಕೆ, ಬಾಲದಿಂದ ಮೂತಿಗೆ ಎರಡು ಸುತ್ತು ಬಂದ್ರು. ಎಡ ರೆಕ್ಕೆ ಕೆಳಗೆ, ಆನಿಕೆ ಕಂಬಿ ಸೇರೋ ಜಾಗದ ಹತ್ರ ನಿಂತ್ರು. ಎರಡು ರಿವೆಟ್ಟಿನ ಹಿಂದೆ ಕಾಡಿಗೆ ತೀಡಿದಂಗೆ ಸಣ್ಣ ಕಪ್ಪು ಗೆರೆ, ನಾನು ಪ್ರತಿ ವಾರ ಒರೆಸ್ತಿದ್ದೆ, ಪ್ರತಿ ವಾರ ಬರ್ತಿತ್ತು. ಅಪ್ಪ ಬೆರಳಲ್ಲಿ ಒರೆಸಿ, ಹೆಬ್ಬೆಟ್ಟಿಗೆ ಉಜ್ಜಿ, ಮೂಸಿ ನೋಡಿದ್ರು.

"ಗ್ರೀಸಲ್ಲ ಕಣೋ ಇದು. ರಿವೆಟ್ ಒಳಗೇ ಅಲ್ಲಾಡ್ತಾ ಅಲ್ಯೂಮಿನಿಯಂ ಪುಡಿಯಾಗಿ ಬರ್ತಿದೆ. ನಿನ್ನ ಮೆಕ್ಯಾನಿಕ್ ನೋಡ್ಲಿಲ್ವಾ?"

ಮಾರನೇ ದಿನವೇ ಫೋಟೋ ಕಳಿಸ್ದೆ. ಹೌದು, ಸ್ಮೋಕಿಂಗ್ ರಿವೆಟ್ಟು ಅದು, ಡ್ರಿಲ್ ಮಾಡಿ ತೆಗೆದು ಒಂದು ಸೈಜ್ ದೊಡ್ಡದು ಹಾಕ್ಬೇಕು, ನಿಮ್ಮಪ್ಪ ಇನ್ನೂ ಎಷ್ಟು ದಿನ ಇಲ್ಲಿರ್ತಾರೆ ಅಂತ ಮೆಸೇಜ್ ಬಂತು.